ಯೂದನ ಕಾಲನ್ನೂ ತೊಳೆದ ರಾತ್ರಿ

ಗುಡ್ ಫ್ರೈಡೆಯ ಹಿಂದಿನ ದಿನ, ಪವಿತ್ರ ಗುರುವಾರದ ಆರಾಧನೆಯಲ್ಲಿ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಓದಿದರು. ಯೇಸು ಸ್ವಾಮಿ ಊಟದಿಂದ ಎದ್ದು, ಮೇಲ್ಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಭಾಗ. ಪೇತ್ರ ಬೇಡ ಬೇಡ ಅಂದದ್ದು ಎಲ್ಲರಿಗೂ ನೆನಪಿರುತ್ತದೆ. ಈ ಸಲ ಯಾಕೋ ನನ್ನ ಮನಸ್ಸು ಯೂದನ ಹತ್ತಿರ, ಸ್ವಾಮಿಯನ್ನು ವೈರಿಗಳಿಗೆ ಹಿಡಿದುಕೊಟ್ಟ ಆ ಶಿಷ್ಯನ ಹತ್ತಿರ, ಹೋಗಿ ನಿಂತುಬಿಟ್ಟಿತು. ಅವನು ಎದ್ದು ಕತ್ತಲೆಗೆ ಹೋದದ್ದು ಆಮೇಲೆ. ಕಾಲು ತೊಳೆಯುವಾಗ ಅವನೂ ಅಲ್ಲೇ ಇದ್ದ. ಹಿಡಿದುಕೊಡುವವನು ಯಾರು ಅಂತ ಸ್ವಾಮಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಕಾಲ ಮುಂದೆಯೂ ಬಗ್ಗಿದರು.

ಉಳಿದ ಹನ್ನೊಂದು ಜನರಾದರೂ ಒಬ್ಬರಿಗೊಬ್ಬರು ಹೊಂದುವವರಾ? ಮತ್ತಾಯ ಸುಂಕದ ಕಟ್ಟೆಯಲ್ಲಿ ಕೂತಿದ್ದವನು. ಸುಂಕದವರು, ಪಾಪಿಗಳು ಅಂತ ಜನ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಕಾಲ ಅದು. ಇನ್ನೊಬ್ಬ ಸೀಮೋನ, ಮತಾಭಿಮಾನಿ ಅಂತಲೇ ಹೆಸರಾದವನು. ಯಾಕೋಬ, ಯೋಹಾನರು ಬಲಗಡೆ ಎಡಗಡೆಯ ಜಾಗ ತಮಗೇ ಬೇಕು ಅಂತ ಮೊದಲೇ ಕೇಳಿಟ್ಟು, ಮಿಕ್ಕ ಹತ್ತು ಜನರ ಸಿಟ್ಟಿಗೆ ಸಿಕ್ಕಿದ್ದರು. ಆ ರಾತ್ರಿಯ ಊಟದಲ್ಲೂ ನಮ್ಮಲ್ಲಿ ಯಾರು ದೊಡ್ಡವರು ಅನ್ನುವ ಜಗಳ ಎದ್ದಿತ್ತು ಅಂತ ಲೂಕ ಬರೆಯುತ್ತಾನೆ. ಇಂಥವರು ಒಟ್ಟಿಗೆ ಕೂತದ್ದು ಕರೆದವರು ಒಬ್ಬರೇ ಆದ್ದರಿಂದ. ಬೇರೆ ಕಾರಣ ಹುಡುಕಿದರೂ ನನಗೆ ಸಿಗುವುದಿಲ್ಲ.

ಯೋಹಾನ ತನ್ನ ಮೊದಲನೆಯ ಪತ್ರಿಕೆಯನ್ನು ಶುರು ಮಾಡುವುದೇ ಈ ಮಾತಿನಿಂದ. ನಾವು ಕಂಡದ್ದನ್ನು, ಕೇಳಿದ್ದನ್ನು, ಕೈಯಿಂದ ಮುಟ್ಟಿದ್ದನ್ನು ನಿಮಗೆ ತಿಳಿಸುತ್ತೇವೆ, ನಮ್ಮ ಅನ್ಯೋನ್ಯತೆಯಲ್ಲಿ ನೀವೂ ಸೇರಬೇಕು ಅಂತ. ಆ ಅನ್ಯೋನ್ಯತೆ ಯಾರ ಜೊತೆ? ತಂದೆಯ ಜೊತೆ, ಆತನ ಮಗನಾದ ಯೇಸು ಕ್ರಿಸ್ತನ ಜೊತೆ. ಅಲ್ಲಿಂದ ಅದು ನಮ್ಮ ನಮ್ಮ ನಡುವೆ ಹರಿದು ಬರುತ್ತದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಒಬ್ಬರನ್ನೊಬ್ಬರು ಆರಿಸಿಕೊಂಡು ಹುಟ್ಟುವುದಿಲ್ಲ, ಅಲ್ವಾ? ಸಭೆಯೂ ಹಾಗೇ. ಪಕ್ಕದಲ್ಲಿ ಕೂತ ವಿಶ್ವಾಸಿ ನನಗೆ ಇಷ್ಟವಾಗುವ ಮೊದಲೇ ನನ್ನ ಸಹೋದರ. ಅವನಿಗೂ ನನಗೂ ಕ್ಷಮೆ ಸಿಕ್ಕಿದ್ದು ಒಂದೇ ಶಿಲುಬೆಯಿಂದ. ಎಫೆಸ ಊರಿನ ಸಭೆಗೆ ಬರೆದ ಪತ್ರಿಕೆಯಲ್ಲಿ ಅಪೊಸ್ತಲ ಪೌಲ ಹೇಳುವುದು ಐಕ್ಯವನ್ನು ಕಾಪಾಡಿಕೊಳ್ಳಿ ಅಂತ. ಅದನ್ನು ಕೊಟ್ಟವನು ಪವಿತ್ರಾತ್ಮ. ನಮ್ಮ ಪಾಲಿಗೆ ಬಂದದ್ದು ಕೆಡಿಸದೆ ಇಟ್ಟುಕೊಳ್ಳುವ ಕೆಲಸ ಮಾತ್ರ, ಅದೇ ನಮಗೆ ಕಷ್ಟ.

ಇದನ್ನು ನನಗೆ ಪ್ರಸಂಗಗಳಿಗಿಂತ ಜಾಸ್ತಿ ಕಲಿಸಿದವರು ನಮ್ಮ ಸಭೆಯ ಒಬ್ಬ ಹಿರಿಯರು. ಈಗ ಅವರು ಕರ್ತನ ಬಳಿ ಇದ್ದಾರೆ. ಅವರಿಗೆ ಪ್ರಸಂಗ ಮಾಡಲು ಬರುತ್ತಿರಲಿಲ್ಲ, ಹಾಡಿದರೆ ರಾಗ ಎಲ್ಲೋ ಹೋಗುತ್ತಿತ್ತು. ಪ್ರಾರ್ಥನೆ ಮಾತ್ರ ಅವರದೇ. ಮೊಣಕಾಲೂರಿ, ಗಂಟಲು ಸರಿ ಮಾಡಿಕೊಂಡು, ಸಭೆಯವರ ಹೆಸರು ಒಂದೊಂದಾಗಿ ಹೇಳುವರು. ಕಾಯಿಲೆಯವರು, ಕೆಲಸ ಹೋದವರು, ಓದಲು ಹೋದ ಮಕ್ಕಳು, ಬಾಯಿ ಬಿಟ್ಟು ಏನೂ ಕೇಳದವರು. ಮಕ್ಕಳಾಗಿದ್ದ ನಾವು ಒಂದು ಕಣ್ಣು ತೆರೆದು, ಇನ್ನೂ ಎಷ್ಟು ಹೆಸರು ಉಳಿದಿದೆ ಅಂತ ಲೆಕ್ಕ ಹಾಕುತ್ತಿದ್ದೆವು.

ಒಂದು ಮನೆಯವರು ಜಗಳ ಮಾಡಿಕೊಂಡು ಸಭೆ ಬಿಟ್ಟು ಹೋದರು. ಹೋಗುವಾಗ ಆಡಿದ ಮಾತುಗಳಲ್ಲಿ ಕೆಟ್ಟ ಮಾತು ಈ ಹಿರಿಯರಿಗೇ ಬಿದ್ದಿತ್ತು. ಅದಾದ ಮೇಲೂ ಅವರ ಪ್ರಾರ್ಥನೆಯಲ್ಲಿ ಆ ಮನೆಯವರ ಹೆಸರು ತಪ್ಪಲಿಲ್ಲ. ಬಂದ ಬದಲಾವಣೆ ಒಂದೇ. ಆ ಹೆಸರಿಗೆ ಮುಂಚೆ ಅವರು ಸ್ವಲ್ಪ ನಿಲ್ಲುತ್ತಿದ್ದರು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಆಮೇಲೆ, "ನಮ್ಮ ಸಹೋದರ" ಅಂತ ಸೇರಿಸಿ ಹೆಸರು ಹೇಳುವರು. ಆ ತಡೆ ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಅವರಿಗೆ ಅದು ಸುಲಭವಾಗಿದ್ದರೆ ನಾನು ಯಾವತ್ತೋ ಮರೆಯುತ್ತಿದ್ದೆ. ಪ್ರತಿ ಸಲವೂ ನೋವನ್ನು ನುಂಗಿ ಹೇಳುತ್ತಿದ್ದರು. ಅವರೇ ಬಿಟ್ಟು ಹೋದರಲ್ಲ, ಇನ್ನೂ ಯಾಕೆ ಅಂತ ಯಾರೋ ಕೇಳಿದ್ದಕ್ಕೆ, "ನಮ್ಮನ್ನ ಬಿಟ್ಟಿರಬಹುದು. ಕರ್ತ ಅವರನ್ನ ಬಿಟ್ಟಿದ್ದಾನಾ?" ಅಂದರಂತೆ. ಮತ್ತೆ ಆ ಮಾತು ಬರಲಿಲ್ಲ.

ಈಗ ನಮ್ಮ ಪ್ರಾರ್ಥನೆಗಳು ಸಗಟು ಆಗಿಬಿಟ್ಟಿವೆ. "ಎಲ್ಲರನ್ನೂ ಆಶೀರ್ವದಿಸು ಕರ್ತನೇ," ಮುಗಿಯಿತು. ಯಾರದ್ದೋ ಮನೆಯ ಕಷ್ಟ ಫೋನಿನಲ್ಲಿ ಬಂದರೆ ಕೈ ಮುಗಿದ ಚಿತ್ರ ಒತ್ತಿ ಮುಂದೆ ಹೋಗುತ್ತೇವೆ. ಹಾಡು ಚೆನ್ನಾಗಿದೆ, ನಮ್ಮಂಥ ಜನ ಬರುತ್ತಾರೆ ಅಂತ ಸಭೆ ಆರಿಸುತ್ತೇವೆ. ನಮ್ಮಂಥ ಜನ! ಅದು ಸ್ನೇಹಿತರ ಕೂಟಕ್ಕೆ ಸಾಕು. ಕರ್ತನ ಮೇಜಿಗೆ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆ ಭೋಜನಕ್ಕೆ, ಅದು ಸಾಲದು. ಪೌಲನ ಕಾಲದ ಕೊರಿಂಥ ಊರಿನ ಸಭೆಯಲ್ಲಿ ಆದದ್ದು ಇದೇ ಅಲ್ವಾ? ಇದ್ದವರು ತಮ್ಮ ತಮ್ಮ ಊಟ ಮೊದಲೇ ಮುಗಿಸಿದರು. ಒಬ್ಬ ಹಸಿದಿದ್ದ, ಇನ್ನೊಬ್ಬ ಕುಡಿದು ಮತ್ತನಾಗಿದ್ದ. ನೀವು ಸೇರಿ ತಿನ್ನುವುದು ಕರ್ತನ ಭೋಜನವೇ ಅಲ್ಲ ಅಂತ ಪೌಲ ನೇರವಾಗಿ ಬರೆದ. ರೊಟ್ಟಿ ಒಂದೇ ಆಗಿರುವುದರಿಂದ ಅನೇಕರಾದ ನಾವು ಒಂದೇ ದೇಹ ಅಂತ ಅದೇ ಪತ್ರಿಕೆಯಲ್ಲಿ ಸ್ವಲ್ಪ ಮೊದಲೇ ಹೇಳಿದ್ದ.

ಅನ್ಯೋನ್ಯತೆ ಅಂದರೆ ತಪ್ಪನ್ನು ಮುಚ್ಚಿಡುವುದು ಅಂತಲೂ ಕೆಲವರು ತಿಳಿದಿದ್ದಾರೆ. ನೊಂದವರು ಬಾಯಿ ತೆರೆದರೆ, "ಐಕ್ಯ ಕೆಡಿಸಬೇಡಿ" ಅಂತ ಸುಮ್ಮನಿರಿಸುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ದೇವರು ಬೆಳಕಿನಲ್ಲಿರುವಂತೆ ನಾವೂ ಬೆಳಕಿನಲ್ಲಿ ನಡೆದರೆ ನಮಗೆ ಅನ್ಯೋನ್ಯತೆ ಇದೆ, ಯೇಸುವಿನ ರಕ್ತ ನಮ್ಮನ್ನು ಶುದ್ಧಿ ಮಾಡುತ್ತದೆ ಅಂತ ಯೋಹಾನ ಹೇಳಿದ್ದು. ಬೆಳಕಿಲ್ಲದೆ ಆ ಮಾತೇ ನಿಲ್ಲುವುದಿಲ್ಲ. ಅಂತಿಯೋಕ್ಯ ಊರಿನಲ್ಲಿ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ, ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮ್ ಸಭೆಯ ಮುಖಂಡನಾಗಿದ್ದ ಇನ್ನೊಬ್ಬ ಯಾಕೋಬನ ಕಡೆಯ ಯೆಹೂದ್ಯರು ಬಂದ ಕೂಡಲೇ ಹೆದರಿ ಹಿಂದೆ ಸರಿದ. ಪೌಲ ಅವನನ್ನು ಎಲ್ಲರ ಮುಂದೆಯೇ ತಡೆದ. ಊಟದ ಸಾಲಿನಲ್ಲಿ ಭೇದ ಬಂದರೆ ಸುವಾರ್ತೆಗೇ ಪೆಟ್ಟು ಅಂತ ಅವನಿಗೆ ಗೊತ್ತಿತ್ತು.

ಮುರಿದದ್ದು ಮತ್ತೆ ಕೂಡುತ್ತದಾ ಅಂತ ಕೇಳುವವರಿಗೆ ಈಗಿನ ಚೆಕ್ ದೇಶದಲ್ಲಿರುವ ಮೊರೇವಿಯದ ವಿಶ್ವಾಸಿಗಳ ಕಥೆ ಹೇಳಬೇಕು. ನಂಬಿಕೆಗಾಗಿ ಊರು ಬಿಟ್ಟು ಬಂದ ಆ ಜನ 1722ರಿಂದ ಜರ್ಮನಿಯ ಸ್ಯಾಕ್ಸನಿಯಲ್ಲಿ, ಕೌಂಟ್ ಜಿನ್ಜೆಂಡೋರ್ಫ್ ಎಂಬವರ ಜಮೀನಿನಲ್ಲಿ, ಹೆರ್ನ್‌ಹುಟ್ ಎಂಬ ಊರು ಕಟ್ಟಿದರು. ಬೇರೆ ಬೇರೆ ಪಂಗಡದವರೂ ಬಂದು ಸೇರಿದರು. ಹಿಂಸೆ ತಾಳಿ ಬಂದವರು ತಮ್ಮತಮ್ಮಲ್ಲೇ ಕಚ್ಚಾಡಿದರು. ಜಿನ್ಜೆಂಡೋರ್ಫ್ ಅವರ ನಡುವೆಯೇ ಇದ್ದು ಮಾತಾಡಿದರು. 1727ರ ಮೇ ತಿಂಗಳಲ್ಲಿ ಒಟ್ಟಿಗೆ ಬದುಕುವ ಒಪ್ಪಂದವಾಯಿತು. ಮನಸ್ಸು ಕರಗಿದ್ದು ಮಾತ್ರ ಆಗಸ್ಟ್ 13ರಂದು, ಕರ್ತನ ಭೋಜನಕ್ಕೆ ಸೇರಿದಾಗ. ಐದು ವರ್ಷಗಳಲ್ಲಿ, 1732ಕ್ಕೆ, ಅದೇ ಸಭೆಯಿಂದ ಇಬ್ಬರು ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದ ಗುಲಾಮರಿಗೆ ಸುವಾರ್ತೆ ಹೇಳಲು ಹೊರಟರು. ಒಪ್ಪಂದದ ಕಾಗದ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಗದ ತಲುಪದ ಜಾಗಕ್ಕೆ ಆ ಮೇಜು ತಲುಪಿತು.

ಪೌಲ ಫಿಲೆಮೋನನಿಗೆ ಬರೆದ ಆ ಪುಟ್ಟ ಪತ್ರಿಕೆಯನ್ನು ಪವಿತ್ರ ವಾರ ಮುಗಿಯುವ ಮೊದಲು ಓದಿ ನೋಡಿ. ಒಂದೇ ಅಧ್ಯಾಯ. ಒನೇಸಿಮ ಫಿಲೆಮೋನನ ದಾಸ, ಅವನನ್ನು ಬಿಟ್ಟು ಬಂದವನು, ಪೌಲನ ಸೆರೆಯ ಹತ್ತಿರ ಯೇಸುವನ್ನು ಕಂಡವನು. ಅವನನ್ನು ದಾಸನಿಗಿಂತ ಹೆಚ್ಚಾಗಿ, ಪ್ರಿಯ ಸಹೋದರನಾಗಿ ಸೇರಿಸಿಕೋ ಅಂತಾನೆ ಪೌಲ. ನನ್ನನ್ನು ಸೇರಿಸಿಕೊಂಡ ಹಾಗೆ ಅವನನ್ನೂ ಸೇರಿಸಿಕೋ. ಏನಾದರೂ ಸಾಲ ಇದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಅಂತ ಸ್ವಂತ ಕೈಯಿಂದ ಬರೆಯುತ್ತಾನೆ. ನಮ್ಮ ಸಾಲವನ್ನು ತನ್ನ ಮೇಲೆ ಹಾಕಿಕೊಂಡವರ ಶಿಷ್ಯ ಇನ್ನು ಹೇಗೆ ಬರೆದಾನು?

ಅದು ಇಬ್ಬರ ನಡುವಿನ ಗುಟ್ಟಿನ ಕಾಗದವೂ ಆಗಿರಲಿಲ್ಲ. ಮೊದಲ ಸಾಲುಗಳಲ್ಲೇ ಅವನ ಮನೆಯಲ್ಲಿ ಕೂಡುವ ಸಭೆಗೂ ಅಂತ ಇದೆ. ಎಲ್ಲರೂ ಕೇಳಿಸಿಕೊಳ್ಳಲಿ ಅಂತ! ಕೊನೆಗೆ ಪೌಲ ಇನ್ನೊಂದು ಮಾತು ಸೇರಿಸುತ್ತಾನೆ. ನನಗೂ ಇಳಿದುಕೊಳ್ಳಲು ಒಂದು ಜಾಗ ಸಿದ್ಧ ಮಾಡಿಡು, ನಿಮ್ಮ ಪ್ರಾರ್ಥನೆಯಿಂದ ನಾನು ಬರುವ ನಿರೀಕ್ಷೆ ಇದೆ ಅಂತ. ಅಂದರೆ, ಒನೇಸಿಮ ನಿನ್ನ ಮನೆಯಲ್ಲಿ ಹೇಗಿದ್ದಾನೆ ಅಂತ ಬಂದು ನೋಡುತ್ತೇನೆ ಅಂತಲೇ ಅಲ್ವಾ?