ಅಜ್ಜನ ಧೋತರದ ಮೇಲೆ

24 ಜುಲೈ 2025, ಗುರುವಾರ
ಗಂಗಾವತಿ

ಇವತ್ತು ನಾಗರ ಅಮಾವಾಸ್ಯೆ. ಬೆಳಿಗ್ಗೆಯಿಂದ ಅವ್ವನದು ಒಂದೇ ಮಾತು: "ಅಮಾಸಿ ರಾತ್ರಿ ಮಾಳಿಗಿ ಮ್ಯಾಲ ಏನ್ ಕೆಲಸ ನಿಮಗ?" ಪತಂಗ ನೋಡೋಕೆ ಇದಕ್ಕಿಂತ ಒಳ್ಳೆ ರಾತ್ರಿ ಇಲ್ಲ, ಬೆಳದಿಂಗಳಿದ್ದರೆ ದೀಪಕ್ಕೆ ಹುಳ ಜಾಸ್ತಿ ಬರಲ್ಲ ಅಂದೆ. ಅವಳಿಗೆ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಈ ವಾರ ನ್ಯಾಷನಲ್ ಮಾತ್ ವೀಕ್, ಅಂದರೆ ಪತಂಗಗಳ ವಾರ. 2012ರಲ್ಲಿ ಅಮೆರಿಕದ ನ್ಯೂಜೆರ್ಸಿಯವರು ಶುರು ಮಾಡಿದ್ದು, ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತೆ. ದೀಪ ಹಚ್ಚೋದು, ಬಂದ ಪತಂಗದ ಫೋಟೊ ತೆಗೆಯೋದು, ಊರು ಮತ್ತು ತಾರೀಖಿನ ಸಮೇತ ಐನ್ಯಾಚುರಲಿಸ್ಟ್ ಅನ್ನೋ, ಜೀವಿಗಳ ದಾಖಲೆ ಇಡೋ ಆ್ಯಪ್‌ಗೆ ಹಾಕೋದು, ಅಷ್ಟೇ. "ಯಾರು ಬೇಕಾದರೂ ಬರ್ರಿ" ಅಂತ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೆ. ಹನ್ನೊಂದು ಮಂದಿ ಬಂದರು. ಅರ್ಧ ಮಂದಿ ಮಂಡಕ್ಕಿ-ಮಿರ್ಚಿಗೆ ಬಂದವರು, ಇರಲಿ.

ಬಟ್ಟೆ ಒಣಗಿಸೋ ಹಗ್ಗಕ್ಕೆ ಅಜ್ಜನ ಹಳೇ ಧೋತರ ಕಟ್ಟಿ, ಮುಂದೆ ನೇರಳೆ ಬೆಳಕಿನ ಬಲ್ಬ್ ಇಟ್ಟೆ. ಮೊದಲ ಅರ್ಧ ಗಂಟೆ ಬರೀ ಸೊಳ್ಳೆ. ಆಮೇಲೆ ಇರುವೆಯಂಥ ಕೆಂಪು-ಕಪ್ಪು ಹುಳ ನಾಲ್ಕೈದು ಬಂದವು. ಮೈಮೇಲೆ ಕೂತರೆ ಊದಿ ಹಾರಿಸಿ, ಹೊಸಕಬೇಡಿ, ಬೊಬ್ಬೆ ಏಳುತ್ತೆ ಅಂತ ಮಕ್ಕಳಿಗೆ ಹೇಳಿದೆ. ಹೋದ ವರ್ಷ ನನ್ನ ಕುತ್ತಿಗೆಗೆ ಆದ ಅನುಭವ.

"ದೀಪಕ್ಕ ಯಾಕ ಬರ್ತಾವ ಅಣ್ಣ?" ಅಂತ ಪಕ್ಕದ ಮನೆ ಹುಡುಗಿ ಕೇಳಿದಳು. ದೀಪಕ್ಕೆ ಮರುಳಾಗಿ ಅಲ್ಲ. 2024ರಲ್ಲಿ ಬಂದ ಒಂದು ಸಂಶೋಧನೆ ಪ್ರಕಾರ, ಹಾರುವಾಗ ಹುಳ ತನ್ನ ಬೆನ್ನನ್ನು ಬೆಳಕಿನ ಕಡೆ ತಿರುಗಿಸುತ್ತೆ. ರಾತ್ರಿಯಲ್ಲೂ ಆಕಾಶವೇ ಬೆಳ್ಳಗಿರೋದು, ಹಾಗಾಗಿ ಅದಕ್ಕೆ ಮೇಲು-ಕೆಳಗು ತಿಳಿಯೋದು ಹೀಗೆ. ನಾವು ಪಕ್ಕದಲ್ಲಿ ಬಲ್ಬ್ ಇಟ್ಟರೆ ವಾಲಿಕೊಂಡು ಸುತ್ತುತ್ತಲೇ ಇರುತ್ತೆ. ಹೇಳಿ ಮುಗಿಸೋದರೊಳಗೆ ಒಂದು ಬೂದು ಪತಂಗ ಬಲ್ಬಿನ ಮೇಲಿಂದ ಹಾದು, ಮಗುಚಿ, ಬೆನ್ನಡಿಯಾಗಿ ದಬಕ್ಕನೆ ಬಿತ್ತು. ಹುಡುಗಿ ನನ್ನನ್ನು ಮೊದಲ ಸಲ ನಂಬಿದಳು.

ಹಿತ್ತಲ ಕಣಗಿಲೆಯ ಎಲೆ ತಿಂದು ಬೆಳೆಯೋ ದೊಡ್ಡ ಹಸಿರು ಪತಂಗ ಬರಬಹುದು ಅಂತ ಆಸೆ ಹುಟ್ಟಿಸಿದ್ದೆ. ಬರಲಿಲ್ಲ. ಎಂಟೂವರೆಗೆ ಬಂದದ್ದು ಉಗುರಿನಷ್ಟು ಚಿಕ್ಕ, ಒಣಹುಲ್ಲಿನ ಹಳದಿ ಬಣ್ಣದ್ದು. ಎರಡೂ ರೆಕ್ಕೆಯ ಮೇಲೆ ಒಂದೊಂದು ಕಪ್ಪು ಚುಕ್ಕೆ, ಪೆನ್ನಿಂದ ಇಟ್ಟ ಹಾಗೆ. ನಾನು ಆ್ಯಪ್ ತೆರೆಯುತ್ತಿದ್ದೆ. ಮಿರ್ಚಿ ತಿನ್ನುತ್ತಿದ್ದ ಎದುರುಮನೆ ಕಾಕಾ ಎದ್ದು ಬಂದರು. ಕಾಲುವೆ ಕೆಳಗೆ ಭತ್ತ ಹಾಕುವವರು.

"ಇದಕ್ಕ ಮೊಬೈಲ್ ಯಾಕ ಬೇಕು? ಕಾಂಡಕೊರಕ ಇದು. ಹೆಣ್ಣು."

ಗಂಡಿಗೆ ಈ ಚುಕ್ಕೆ ಇರಲ್ಲವಂತೆ. ಇದರ ಮರಿಹುಳ ಭತ್ತದ ಕಾಂಡವನ್ನು ಸಸಿ ಇದ್ದಾಗ ಕೊರೆದರೆ ಸುಳಿ ಒಣಗುತ್ತೆ, ತೆನೆ ಹೊತ್ತಿಗೆ ಕೊರೆದರೆ ತೆನೆ ಬೆಳ್ಳಗಾಗಿ ಜೊಳ್ಳಾಗುತ್ತೆ. ಮೊಟ್ಟೆ ಇಡೋದು ಎಲೆಯ ತುದಿಯಲ್ಲಿ. ಅದಕ್ಕೇ ನಾಟಿಗೆ ಮುಂಚೆ ಸಸಿಯ ತುದಿ ಚಿವುಟಿ ಹಾಕ್ತೀವಿ ಅಂದರು.

ನಿಜ ಹೇಳಬೇಕಂದರೆ, ಮೂರು ವರ್ಷದಿಂದ ಇದನ್ನು ನೋಡುತ್ತಿದ್ದರೂ ಒಮ್ಮೆಯೂ ಫೋಟೊ ಹಾಕಿಲ್ಲ. ಚಂದದ್ದು, ಅಪರೂಪದ್ದು ಮಾತ್ರ ಹುಡುಕೋ ಚಾಳಿ ನಂದು. ನಮ್ಮೂರಿನ ಲೆಕ್ಕದಲ್ಲಿ ಭತ್ತದ ಪತಂಗವೇ ಇಲ್ಲ ಅಂದರೆ ಅದೆಂಥ ಲೆಕ್ಕ? ಇವತ್ತು ಹಾಕಿದೆ, ಕಾಕಾ ಹೇಳಿದ ಹೆಸರಿನ ಜೊತೆ.

ಹತ್ತೂವರೆಗೆ ಬಿಚ್ಚುವಾಗ ಧೋತರದ ಅಂಚಿನಲ್ಲಿ ಕಂದು ಕೂದಲು ಮುಚ್ಚಿದ ಒಂದು ಸಣ್ಣ ಗುಪ್ಪೆ ಕಂಡಿತು. ಮೊಟ್ಟೆ ಇಟ್ಟೇ ಹೋಗಿದ್ದಳು.

"ಇದರದೂ ಫೋಟೊ ತಗೊಂಡ್ಯಾ?" ಕಾಕಾ ಕೇಳಿದರು.

ತಗೊಂಡೆ ಅಂದೆ. ಹೆಬ್ಬೆರಳಿನ ಉಗುರಿನಿಂದ ಕೆರೆದು ಹಾಕಿಬಿಟ್ಟರು.