ಅರ್ಜಿಯಲ್ಲಿ ಬರೀ 'ಹೂಂ, ಮಾಡ್ತಾಳೆ' ಅಂತ ಬರೆಯಬೇಡಿ

ವಿಶೇಷ ಅಗತ್ಯವಿರುವ ಮಗುವಿಗೆ ಸರ್ಕಾರದ ಭತ್ಯೆ ಕೇಳಲು ಹೊರಟವರು ಮೊದಲು ವಿಚಾರಿಸುವುದು ಯಾವ್ಯಾವ ದಾಖಲೆ ಬೇಕು ಅಂತ. ಅದರ ಪಟ್ಟಿ ಸುಲಭವಾಗಿ ಸಿಗುತ್ತದೆ. ಜನನ ಪ್ರಮಾಣಪತ್ರ, ಡಾಕ್ಟರ ವರದಿ, ಫೋಟೋ, ಕೆಲವು ಕಡೆ ಆದಾಯದ ಲೆಕ್ಕ, ಅದೆಲ್ಲ ಓಡಾಡಿದರೆ ಆಗುವ ಕೆಲಸ. ನನ್ನ ಮಗಳ ಅರ್ಜಿ ತುಂಬುವಾಗ ನನ್ನ ಪೆನ್ನು ನಿಂತಿದ್ದು ಬೇರೆ ಕಡೆ. ಫಾರಂನ ಮಧ್ಯದಲ್ಲೆಲ್ಲೋ 'ಮಗುವಿಗೆ ದಿನನಿತ್ಯ ಯಾವ ಸಹಾಯ ಬೇಕು, ವಿವರಿಸಿ' ಅಂತ ಇರುತ್ತದೆ ನೋಡಿ, ಅಲ್ಲಿ.

ವರ್ಷವಿಡೀ ನಾವು ಮಾಡುವುದು ಇದರ ಉಲ್ಟಾ ಕೆಲಸ ಅಲ್ವಾ? ಇವತ್ತು ಚಮಚ ತಾನೇ ಹಿಡಿದಳು, ಇವತ್ತು ಹೆಸರು ಕರೆದರೆ ತಿರುಗಿ ನೋಡಿದಳು ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡುತ್ತೇವೆ. ಹಾಗಾಗಿ ಯಾರಾದರೂ 'ಊಟ ತಾನೇ ಮಾಡುತ್ತಾಳಾ?' ಅಂದರೆ ಬಾಯಿಗೆ ಮೊದಲು ಬರುವುದು 'ಹೂಂ, ಮಾಡ್ತಾಳೆ'. ಸುಳ್ಳೇನಲ್ಲ. ಆದರೆ ಅವಳು ಊಟ ಮಾಡುವಾಗ ನಾವು ಅದನ್ನು ನುಣ್ಣಗೆ ಮಾಡಿ ಕೊಟ್ಟಿರುತ್ತೇವೆ, ಗಂಟಲಲ್ಲಿ ಸಿಕ್ಕಿಕೊಂಡೀತು ಅಂತ ಪಕ್ಕದಲ್ಲೇ ಕೂತು ಕಣ್ಣಿಟ್ಟಿರುತ್ತೇವೆ, ತುತ್ತು ತುತ್ತಿಗೂ 'ನುಂಗು ಪುಟ್ಟಿ' ಅನ್ನುತ್ತಿರುತ್ತೇವೆ, ಎಲ್ಲ ಮುಗಿಯುವಷ್ಟರಲ್ಲಿ ನಮ್ಮ ತಟ್ಟೆಯಲ್ಲಿದ್ದದ್ದು ತಣ್ಣಗಾಗಿರುತ್ತದೆ. ರೂಢಿಯಾಗಿ ಹೋಗಿರುವುದರಿಂದ ಇದು ನಮಗೆ ಕೆಲಸ ಅಂತಲೇ ಅನ್ನಿಸುವುದಿಲ್ಲ. ಅರ್ಜಿ ನೋಡುವವರಿಗೆ ಬೇಕಾದದ್ದು ಇದೇ.

ಡಾಕ್ಟರ ವರದಿಯಲ್ಲಿ ಎಲ್ಲ ಇರುತ್ತದೆ ಬಿಡಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದರಲ್ಲಿ ಇರುವುದು ಹೆಸರು ಮತ್ತು ಅಂಕಿ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು) ಅನ್ನುವ ಒಂದೇ ಹೆಸರಿನಡಿ ಓಡುವ ಮಗುವೂ ಇದೆ, ಕೂರಲು ಆಗದ ಮಗುವೂ ಇದೆ. ಬುದ್ಧಿಮಟ್ಟ ಅಳೆಯುವ ಐಕ್ಯೂ ಅಂಕಿ ನೋಡಿ ಮಗು ರಸ್ತೆಗೆ ನುಗ್ಗುತ್ತದೋ ಇಲ್ಲವೋ ಹೇಳಲು ಬರುವುದಿಲ್ಲ. ಅಮೆರಿಕದಲ್ಲಿ ಇದೇ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಅಲ್ಲಿ ಮಗುವಿನ ತೊಂದರೆ ಸರ್ಕಾರದ ವೈದ್ಯಕೀಯ ಪಟ್ಟಿಗೆ ಹೊಂದದಿದ್ದರೆ ಅರ್ಜಿ ಬಿದ್ದುಹೋಗುತ್ತಿತ್ತು. ದೊಡ್ಡವರಿಗಾದರೆ ಪಟ್ಟಿಯ ಆಚೆಗೂ ಒಮ್ಮೆ ನೋಡುತ್ತಿದ್ದರು, ಮಕ್ಕಳಿಗೆ ಅದಿರಲಿಲ್ಲ. 1990ರಲ್ಲಿ ಕೋರ್ಟು ಇದು ಸರಿಯಲ್ಲ ಅಂದಿತು. 1996ರಲ್ಲಿ ಕಾನೂನನ್ನು ಮತ್ತೆ ಬಿಗಿ ಮಾಡಿದರು, ಅದು ಬೇರೆ ಕಥೆ. ಆದರೂ ಈಗ ಅಲ್ಲಿ ಕಲಿಕೆ, ಗಮನ, ಬೇರೆಯವರೊಡನೆ ಬೆರೆಯುವುದು, ಓಡಾಟ, ತನ್ನನ್ನು ತಾನು ನೋಡಿಕೊಳ್ಳುವುದು, ಆರೋಗ್ಯ ಅಂತ 6 ವಿಷಯಗಳಲ್ಲಿ ಮಗು ಹೇಗಿದೆ ಅಂತ ನೋಡುತ್ತಾರೆ.

ಇಂಗ್ಲೆಂಡ್ ಕೇಳುವುದು ಇನ್ನೊಂದು ಥರ. 16 ವರ್ಷದೊಳಗಿನ ಮಕ್ಕಳ ಭತ್ಯೆಗೆ ಅಲ್ಲಿ ಅದೇ ವಯಸ್ಸಿನ ಬೇರೆ ಮಗುವಿಗಿಂತ ಈ ಮಗುವಿಗೆ ಎಷ್ಟು ಜಾಸ್ತಿ ಆರೈಕೆ ಬೇಕು ಅಂತ ನೋಡುತ್ತಾರೆ. ಹಗಲಿನದು ಬೇರೆ, ರಾತ್ರಿಯದು ಬೇರೆ. ಭಾರತದಲ್ಲಿ ಅಂಗವೈಕಲ್ಯ ಎಷ್ಟು ಶೇಕಡಾ ಅನ್ನುವ ಲೆಕ್ಕ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಬಹಳಷ್ಟು ಸವಲತ್ತುಗಳಿಗೆ ಕನಿಷ್ಠ 40 ಶೇಕಡಾ ಇರಬೇಕು. ಆ ಅಂಕಿಯೂ ಸುಮ್ನೆ ಬರುವುದಿಲ್ಲ. ಆಟಿಸಂ ಅಳೆಯುವಾಗ ಮಗುವನ್ನು ಗಮನಿಸುವುದರ ಜೊತೆಗೆ ಪೋಷಕರನ್ನೂ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಅಪ್ಪ ಹೆಮ್ಮೆಯಿಂದ 'ಎಲ್ಲ ಮಾಡ್ತಾಳೆ ಸಾರ್' ಅಂದರೆ ಅಂಕಿಯೂ ಹಾಗೇ ಬೀಳುತ್ತದೆ.

ಹಾಗಾಗಿ ನಿಮ್ಮ ದೇಶದ ಫಾರಂ ಯಾವುದೇ ಇರಲಿ, ಅದನ್ನು ಮುಟ್ಟುವ ಮೊದಲು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎದ್ದದ್ದು, ಬಟ್ಟೆ, ಶೌಚ, ಹೊರಗೆ ಹೊರಡುವುದು, ಮಲಗಿಸುವುದು. ಪ್ರತಿಯೊಂದಕ್ಕೂ ಎಷ್ಟು ಹೊತ್ತು ಆಯಿತು, ಯಾರು ಜೊತೆಗಿದ್ದರು, ಬಿಟ್ಟಿದ್ದರೆ ಏನಾಗುತ್ತಿತ್ತು. ರಾತ್ರಿ ಎಷ್ಟು ಸಲ ಎದ್ದಿರಿ ಅನ್ನುವುದನ್ನು ಬೆಳಿಗ್ಗೆಯೇ ಬರೆಯಿರಿ, ಸಂಜೆಗೆ ಮರೆತುಹೋಗುತ್ತದೆ. 'ತುಂಬಾ ಹಟ ಮಾಡುತ್ತಾಳೆ' ಅಂತ ಬರೆದರೆ ಎಲ್ಲ ಮಕ್ಕಳೂ ಹಟ ಮಾಡುತ್ತವೆ ಅಂತ ಪುಟ ತಿರುಗಿಸಿಬಿಡುತ್ತಾರೆ. 'ವಾರದಲ್ಲಿ ಇಷ್ಟು ಸಲ ತಲೆಯನ್ನು ಗೋಡೆಗೆ ಹೊಡೆದುಕೊಳ್ಳುತ್ತಾಳೆ, ಇಬ್ಬರು ಹಿಡಿದುಕೊಳ್ಳಬೇಕು' ಅಂದರೆ ಯಾರೂ ಹಾಗೆ ತಿರುಗಿಸುವುದಿಲ್ಲ. ಒಳ್ಳೆಯ ದಿನವೂ ಬರಲಿ ಅದರಲ್ಲಿ, ಕೆಟ್ಟ ದಿನಗಳೆಷ್ಟು ಅನ್ನುವುದೂ ಬರಲಿ. ಉಪ್ಪು ಖಾರ ಸೇರಿಸುವುದು ಬೇಡ. ಎಷ್ಟೋ ಕಡೆ ಶಾಲೆಯ ವರದಿಯೂ ಅವರ ಕೈಗೆ ಹೋಗುತ್ತದೆ, ಎರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ನಿಮ್ಮ ಮಾತಿಗೇ ಪೆಟ್ಟು. ಕೆಲವು ಮಕ್ಕಳು ಶಾಲೆಯಲ್ಲಿ ಇಡೀ ದಿನ ತಡೆದುಕೊಂಡಿದ್ದು ಮನೆಗೆ ಬಂದ ಕೂಡಲೇ ಕಿರುಚಾಡುವುದುಂಟು. ಹಾಗಿದ್ದರೆ ಅದನ್ನೂ ಬರೆಯಿರಿ, ಟೀಚರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ಮಾತು. ಇದರ ಬಗ್ಗೆ ಯಾರೂ ಹೇಳುವುದಿಲ್ಲ, ನನಗೆ ಮಾತ್ರ ಇದೇ ಜಾಸ್ತಿ ಮುಖ್ಯ. ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ, ಮಗು ಎದುರಿಗೇ ನಿಂತಿರುವಾಗ ನಾವು ಅದರ ಕೊರತೆಗಳನ್ನು ಒಂದೊಂದಾಗಿ ಒಪ್ಪಿಸುತ್ತೇವೆ. ಇವಳಿಗೆ ಇದು ಬರಲ್ಲ, ಅದು ಗೊತ್ತಾಗಲ್ಲ, ಇನ್ನೂ ಡೈಪರ್ ಬೇಕು. ಮಾತು ಬಾರದ ಮಗುವಿಗೆ ಕಿವಿ ಕೇಳುತ್ತದೆ. ನನ್ನ ಮಗಳು ಅಂಥ ಹೊತ್ತಿನಲ್ಲಿ ನನ್ನ ಸೆರಗು ಬಿಟ್ಟು ಆ ಕಡೆ ತಿರುಗಿ ನಿಂತಳು, ಅರ್ಥ ಆಗಲಿಲ್ಲ ಅಂತ ಹೇಗೆ ಹೇಳಲಿ? ಅವತ್ತಿನಿಂದ ಬೇರೆ ಹಾಳೆಯಲ್ಲಿ ಎಲ್ಲ ಬರೆದುಕೊಂಡು ಹೋಗಿ ಮೇಜಿನ ಮೇಲೆ ಇಡುತ್ತೇನೆ. ಅವರು ಕೇಳಿದರೆ 'ಎರಡನೇ ಪುಟದಲ್ಲಿದೆ ಸಾರ್, ಓದಿ' ಅನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಸರ್ಕಾರದ ದುಡ್ಡು ನಿಮಗ್ಯಾಕೆ ಅಂತ ಕೇಳುವ ನೆಂಟರು ಎಲ್ಲರ ಮನೆಯಲ್ಲೂ ಇರುತ್ತಾರೆ. ಅಂಗವೈಕಲ್ಯದಿಂದ ಬರುವ ಹೆಚ್ಚುವರಿ ಖರ್ಚಿಗೆ ಬಡ ಕುಟುಂಬಗಳಿಗೆ ಸರ್ಕಾರ ನೆರವಾಗಬೇಕು ಅಂತ ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 2006ರ ಒಪ್ಪಂದದ 28ನೇ ವಿಧಿಯಲ್ಲೇ ಇದೆ. ಅವರಿಗೆ ಅದನ್ನು ವಿವರಿಸುತ್ತಾ ಕೂರುವಷ್ಟು ಪುರುಸೊತ್ತು ನನಗಿಲ್ಲ, ನಿಮಗೂ ಇರಲಾರದು.

ಅರ್ಜಿ ಕೊಟ್ಟಾಗ ತಾರೀಖು ಇರುವ ರಸೀದಿ ಕೇಳಿ ತಗೊಳ್ಳಿ, ಇಡೀ ಅರ್ಜಿಯ ಜೆರಾಕ್ಸ್ ಮನೆಯಲ್ಲಿರಲಿ. ತಿರಸ್ಕರಿಸಿದ ಪತ್ರ ಬಂದರೆ ಸಿಟ್ಟಿನಲ್ಲಿ ಮೂಲೆಗೆ ಎಸೆಯದೆ ಕೊನೆಯವರೆಗೂ ಓದಿ. ಕಾರಣವೂ ಮೇಲ್ಮನವಿಗೆ ಇರುವ ಗಡುವೂ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ, ಇಂಗ್ಲೆಂಡಿನಲ್ಲಿ ಮರುಪರಿಶೀಲನೆ ಕೇಳಲು ಒಂದೇ ತಿಂಗಳು. ಮಂಜೂರಾದರೂ ಕೆಲಸ ಮುಗಿಯುವುದಿಲ್ಲ. ಮಕ್ಕಳು ಬೆಳೆಯುತ್ತಾರೆ ಅಂತ ಅವರ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಎಷ್ಟೋ ಸಲ ಅವಧಿ ಹಾಕಿರುತ್ತಾರೆ. ಅಮೆರಿಕದಲ್ಲಿ 18 ತುಂಬಿದಾಗ ದೊಡ್ಡವರ ನಿಯಮದ ಪ್ರಕಾರ ಮೊದಲಿಂದ ನೋಡುತ್ತಾರೆ. ಪ್ರಮಾಣಪತ್ರದ ಅವಧಿ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕೆಲವು ತಿಂಗಳ ಮುಂಚೆಯೇ ನೋಟ್‌ಬುಕ್ ಮತ್ತೆ ಶುರು ಮಾಡಿ. ಹಳೇ ಅರ್ಜಿಯನ್ನು ಹಾಗೇ ನಕಲು ಮಾಡಬೇಡಿ, ಮಗು ಈಗ ತಾನೇ ಮಾಡಲು ಕಲಿತದ್ದನ್ನು ಕಷ್ಟಗಳ ಪಟ್ಟಿಯಿಂದ ತೆಗೆದುಹಾಕಿ, ಹೊಸದಾಗಿ ಬಂದ ಕಷ್ಟ ಸೇರಿಸಿ.