ಮೊದಲು ಗ್ಯಾಪು, ಆಮೇಲೆ ಟೈಮಿಂಗು

ಈ ಸಲ ರಜೆಗೆ ಬೆಂಗಳೂರಿಗೆ ಬಂದಾಗ, ಜೆ.ಸಿ. ರಸ್ತೆಯ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷ ಯೆಜ್ದಿ, ಬುಲೆಟ್ ರಿಪೇರಿ ಮಾಡಿದ ನಮ್ಮ ಚಿಕ್ಕಪ್ಪ ಕಾಫಿ ಲೋಟ ಕೈಗೆ ಕೊಡುತ್ತಲೇ ಕೇಳಿದ್ದು, "ವಿಮಾನದ ಎಂಜಿನ್ನಿಗೂ ಪಾಯಿಂಟ್ ಇರುತ್ತದೆಯೇ?" ಎಂದು. ಇರುತ್ತದೆ. ಪಾಯಿಂಟ್ ಎಂದರೆ ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವ ಚಿಕ್ಕ ವಿದ್ಯುತ್ ಸಂಪರ್ಕ. ಜಕ್ಕೂರಿನ ಮೇಲೆ ಸುತ್ತುವ ಚಿಕ್ಕ ವಿಮಾನಗಳಲ್ಲಿಯೂ, ನಾನು ಕೆಲಸ ಮಾಡುವ ಕೆನಡಾದ ಆಲ್ಬರ್ಟಾದ ಹ್ಯಾಂಗರಿನಲ್ಲಿಯೂ, ಪಿಸ್ಟನ್ ಎಂಜಿನ್ನುಗಳ ಕಿಡಿ ಬಹುಪಾಲು ಇಂದಿಗೂ ಮ್ಯಾಗ್ನೆಟೊದಿಂದಲೇ, ಅಂದರೆ ಅಯಸ್ಕಾಂತ ತಿರುಗಿಸಿ ತಾನೇ ವಿದ್ಯುತ್ತು ಹುಟ್ಟಿಸುವ ಪುಟ್ಟ ಯಂತ್ರದಿಂದಲೇ, ಬರುತ್ತದೆ. ಬ್ಯಾಟರಿ ಸತ್ತರೂ ಎಂಜಿನ್ ನಿಲ್ಲಬಾರದೆಂದು ಹೀಗಿದೆ. ಒಂದು ಕೆಟ್ಟರೆ ಇನ್ನೊಂದು ಇರಲೆಂದು ಎರಡು ಮ್ಯಾಗ್ನೆಟೊ, ನಾಲ್ಕು ಸಿಲಿಂಡರಿಗೆ ಎಂಟು ಪ್ಲಗ್ಗು.

ಚಳಿಗಾಲಕ್ಕೆ ಮುಂಚೆ ಒಂದು ಹಳೆಯ ಸೆಸ್ನಾ 172 ನಮ್ಮಲ್ಲಿಗೆ ಬಂದಿತ್ತು. ಹಾರುವ ಮೊದಲು 1700 ಆರ್‌ಪಿಎಂನಲ್ಲಿ ಒಂದೊಂದೇ ಮ್ಯಾಗ್ನೆಟೊ ಮೇಲೆ ಎಂಜಿನ್ ಓಡಿಸಿ ವೇಗ ಎಷ್ಟು ಇಳಿಯುತ್ತದೆಂದು ನೋಡುತ್ತಾರೆ. ಆ ಮಾದರಿಯಲ್ಲಿ ಇಳಿಕೆ 125 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ಎಡದ್ದು 70 ಇಳಿಯಿತು, ಬಲದ್ದು 140. ಇಳಿಕೆಯೇ ಇಲ್ಲದಿದ್ದರೆ ನನಗೆ ಇನ್ನೂ ಹೆಚ್ಚು ಭಯವಾಗುತ್ತಿತ್ತು, ಏಕೆಂದರೆ ಆಗ ಮ್ಯಾಗ್ನೆಟೊವನ್ನು ಆರಿಸುವ ಅರ್ಥಿಂಗ್ ತಂತಿ ಕಡಿದು, ಕೀಲಿ ತೆಗೆದ ಮೇಲೂ ಮ್ಯಾಗ್ನೆಟೊ ಜೀವಂತವಾಗಿರಬಹುದು. ಅಂಥ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವುದು ಪ್ರಾಣಕ್ಕೇ ಕುತ್ತು.

ಪ್ಲಗ್ಗುಗಳನ್ನು ಶುಚಿ ಮಾಡಿದರೂ ಫಲವಾಗಲಿಲ್ಲ. ಮೇಲಿನ ಪ್ಲಗ್ಗುಗಳನ್ನು ಬಿಚ್ಚಿ, ಒಂದನೆಯ ಸಿಲಿಂಡರಿನ ರಂಧ್ರಕ್ಕೆ ಹೆಬ್ಬೆರಳು ಒತ್ತಿ, ಗಾಳಿ ಬೆರಳನ್ನು ತಳ್ಳಿದಾಗ ಕಂಪ್ರೆಷನ್ ಸ್ಟ್ರೋಕ್ ಎಂದು ಖಚಿತ ಮಾಡಿಕೊಂಡೆ. ಆಮೇಲೆ ಪ್ರೊಪೆಲ್ಲರನ್ನು, ಕಿಡಿ ಬರಬೇಕಾದ ಜಾಗ ತೋರಿಸುವ ಗುರುತಿಗಿಂತ ಸಾಕಷ್ಟು ಹಿಂದಕ್ಕೆ ಒಯ್ದು, ಗಿಯರ್ ಹಲ್ಲುಗಳ ಸಡಿಲು ಮುಗಿಯುವಂತೆ ನಿಧಾನವಾಗಿ ಮುಂದಕ್ಕೇ ತಂದೆ. ಗುರುತು ದಾಟಿತೆಂದು ಎರಡು ಬೆರಳಷ್ಟು ಹಿಂದೆ ಸರಿಸಿ ನಿಲ್ಲಿಸಿದರೆ ಓದುವ ಅಂಕಿ ಸುಳ್ಳು. ಪಾಯಿಂಟು ತೆರೆದದ್ದನ್ನು ತೋರಿಸುವ ಟೈಮಿಂಗ್ ಲೈಟಿನ ಎಡ ದೀಪ, ಪಿಸ್ಟನ್ ತೀರಾ ಮೇಲೇರಿ ನಿಲ್ಲುವ ಟಾಪ್ ಡೆಡ್ ಸೆಂಟರಿಗೆ 25 ಡಿಗ್ರಿ ಮುಂಚೆ, ಆ ಎಂಜಿನ್ನಿಗೆ ಹೇಳಿರುವಂತೆಯೇ, ಬದಲಾಯಿತು. ಬಲದ್ದು ತಡವಾಗಿ, ಸುಮಾರು 21ರಲ್ಲಿ.

ಬೋಲ್ಟ್ ಸಡಿಲಿಸಿ ಮ್ಯಾಗ್ನೆಟೊವನ್ನು ಸ್ವಲ್ಪ ತಿರುಗಿಸಿದರೆ ಐದು ನಿಮಿಷದಲ್ಲಿ 25 ಬರುತ್ತಿತ್ತು. ಹಿಂದೆ ಯಾರೋ ಹಾಗೆಯೇ ಮಾಡಿದ್ದರೆಂದು, ಅದನ್ನು ಎಂಜಿನ್ನಿಗೆ ಬಿಗಿಯುವ ಫ್ಲೇಂಜಿನ ಮೇಲಿನ ಹೊಳೆಯುವ ಗೀರುಗಳು ಹೇಳುತ್ತಿದ್ದವು. ಅದನ್ನು ನಾನು ತಪ್ಪೆಂದೇ ಹೇಳುತ್ತೇನೆ. ಒಳಗಿನ ಅಯಸ್ಕಾಂತ ಒಂದು ನಿರ್ದಿಷ್ಟ ಕೋನದಲ್ಲಿರುವಾಗ ಕಾಯಿಲಿನ ವಿದ್ಯುತ್ತು ಗರಿಷ್ಠವಾಗಿರುತ್ತದೆ, ಪಾಯಿಂಟು ಆಗಲೇ ತೆರೆಯಬೇಕು. ಅದು ತಪ್ಪಿದ್ದರೆ, ಹೊರಗಿನ ಗುರುತು ಸರಿಯಾದರೂ ಕಿಡಿ ದುರ್ಬಲವಾಗಿಯೇ ಉಳಿಯುತ್ತದೆ, ಚಳಿಯಲ್ಲಿ ಸ್ಟಾರ್ಟ್ ಆಗದೆ ಎಂಜಿನ್ ಹಟ ಹಿಡಿಯುತ್ತದೆ.

ಮ್ಯಾಗ್ನೆಟೊ ಇಳಿಸಿ ಬಿಚ್ಚಿದೆ. ತಿರುಗುತ್ತಾ ಪಾಯಿಂಟನ್ನು ತೆರೆಸುವ ಕ್ಯಾಮಿನ ಮೇಲೆ ಉಜ್ಜುವ ಚಿಕ್ಕ ಫೈಬರ್ ತುಂಡು ಸವೆದು ಒಂದು ಬದಿ ಓರೆಯಾಗಿತ್ತು, ಅದರ ಕಂದು ಪುಡಿ ಮೂಲೆಯಲ್ಲಿ ಕೂತಿತ್ತು. ಗ್ಯಾಪು, ಅಂದರೆ ಪಾಯಿಂಟು ತೆರೆದಾಗಿನ ಸಂದು, ಕಿರಿದಾಗಿದ್ದರಿಂದ ಪಾಯಿಂಟು ತಡವಾಗಿ ತೆರೆಯುತ್ತಿತ್ತು. ಹೊಸ ಪಾಯಿಂಟು ಹಾಕಿ, ಒಳಗಿನ ಟೈಮಿಂಗ್ ಹೊಂದಿಸಿ, ಆಮೇಲೆ ಎಂಜಿನ್ನಿಗೆ ಕೂರಿಸಿದೆ. ಎರಡೂ ದೀಪಗಳು ಒಂದೇ ಗುರುತಿನಲ್ಲಿ ಬದಲಾದವು, ಇಳಿಕೆ 70 ಮತ್ತು 80ಕ್ಕೆ ನಿಂತಿತು.

ಫೋನಿನಲ್ಲಿದ್ದ ಆ ಸವೆದ ತುಂಡಿನ ಫೋಟೊವನ್ನು ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಯೆಜ್ದಿಯಲ್ಲಿಯೂ ಮೊದಲು ಗ್ಯಾಪು, ಆಮೇಲೆ ಟೈಮಿಂಗು ಎಂದು ನನಗೆ ಹನ್ನೆರಡನೇ ವಯಸ್ಸಿನಲ್ಲಿ ಕಲಿಸಿದವರು ಅವರೇ. "ಕ್ಯಾಮಿಗೆ ಗ್ರೀಸ್ ಇತ್ತೇನೋ?" ಎಂದು ಕೇಳಿದರು. ಇರಲಿಲ್ಲ, ಪೂರ್ತಿ ಒಣಗಿತ್ತು.